ಹೊಸ ಹಲಗೆಯ ಮೇಲೆ ಹಳೆಯ ಕಾದಂಬರಿ

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಂಡ್ಯ ನಗರವು ಮೂರು ಬಾರಿ ಆತಿಥ್ಯ ನೀಡಿದೆ. 1974ರಲ್ಲಿ ಜಯದೇವಿತಾಯಿ ಲಿಗಾಡೆಯವರು ಅಧ್ಯಕ್ಷ ಪೀಠವನ್ನು ಅಲಂಕರಿಸಿದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು. 1994ರಲ್ಲಿ ಚದುರಂಗರು ಅಧ್ಯಕ್ಷರಾದರು. 2024ರ ಡಿಸೆಂಬರ್‌ನಲ್ಲಿ ಗೊ. ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ಮೂರನೆಯ ಬಾರಿ ಸಾಹಿತ್ಯದ ಜಾತ್ರೆ ಮಂಡ್ಯದಲ್ಲಿ ನೆರೆಯಿತು.

ಈ ಐವತ್ತು ವರ್ಷಗಳಲ್ಲಿ ಕನ್ನಡ ಪುಸ್ತಕದ ಅಂತರಂಗ ಎಷ್ಟು ಬದಲಾಯಿತೋ ಅದರ ಶರೀರವೂ ಅಷ್ಟೇ ಬದಲಾಯಿತು. ಮೊದಲನೆಯ ಸಮ್ಮೇಳನದ ಕಾಲಕ್ಕೆ ಕನ್ನಡ ಪುಸ್ತಕವೆಂದರೆ ಹೆಚ್ಚಾಗಿ ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ ಅಚ್ಚು ಹಾಕಿದ್ದು. ಎರಡನೆಯದರ ಹೊತ್ತಿಗೆ ಕಂಪ್ಯೂಟರು ಅಚ್ಚುಕೂಟವನ್ನು ಪ್ರವೇಶಿಸಿ, ಮೊಳೆ ಜೋಡಿಸುವವರ ಪೀಠವನ್ನು ತೆರವು ಮಾಡಿಸತೊಡಗಿದ್ದಿತು. ಮೂರನೆಯ ಸಮ್ಮೇಳನಕ್ಕೆ ಬಂದವರ ಜೇಬಿನಲ್ಲಿಯೇ ಒಂದು ಪುಸ್ತಕಾಲಯ ಹಿಡಿಸಬಹುದಾಗಿದ್ದಿತು. ಕಾಗದವಿಲ್ಲದ, ರಟ್ಟಿಲ್ಲದ, ಹೊಲಿಗೆಯಿಲ್ಲದ ಇ-ಪುಸ್ತಕವು ಸಾಮಾನ್ಯ ಸಂಸಾರಗಳ ವಸ್ತುವಾಗಿಬಿಟ್ಟಿದೆ.

ಇ-ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬಹಳ ದಿನಗಳಿಂದ ನಡೆದಿದೆ. ಕಾಗದದ ಘಮವನ್ನು ಕೊಂಡಾಡುವವರು ಒಂದು ಕಡೆ, ಕಪಾಟಿನ ಧೂಳನ್ನು ದೂರುವವರು ಇನ್ನೊಂದು ಕಡೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳಂತಹ ಊರುಗಳ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಹೊಸ ಹಲಗೆಯ ಮೇಲೆ ಕನ್ನಡದ ಪುಸ್ತಕ ನಿಜವಾದ ಅಕ್ಷರವಾಗಿ ಬರುತ್ತಿದೆಯೋ, ಅಥವಾ ಬರಿಯ ಚಿತ್ರವಾಗಿ ಬರುತ್ತಿದೆಯೋ? ಅನೇಕ ಮನೆಗಳ ಹಿರಿಯರ ಓದು ಉಳಿಯುವುದೂ ನಿಲ್ಲುವುದೂ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಯಾರಿಗೆ ಬೇಕು?

ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿ ಪ್ರತಿದಿನ ಕೆಲಸಕ್ಕಾಗಿ ಓಡಾಡುವ ಪಾಸುದಾರರು ಮಂಡ್ಯ ಮತ್ತು ಮದ್ದೂರುಗಳಲ್ಲಿ ಬಹಳ ಮಂದಿ. ಮುಂಜಾನೆ ಹೊರಟು ದೀಪ ಹಚ್ಚಿದ ಮೇಲೆ ಮರಳುವ ಇವರಿಗೆ ರೈಲಿನ ಪೀಠವೇ ಓದುವ ಕೊಠಡಿ. ಊಟದ ಡಬ್ಬಿ, ಕೊಡೆ, ನೀರಿನ ಸೀಸೆಗಳ ನಡುವೆ ಐನೂರು ಪುಟದ ಕಾದಂಬರಿಗೆ ಚೀಲದಲ್ಲಿ ಜಾಗ ಸಿಕ್ಕುವುದು ಕಷ್ಟ. ಅಂಗೈಯಗಲದ ಇ-ರೀಡರ್ ಅಲ್ಲಿ ಸುಲಭವಾಗಿ ಸೇರುತ್ತದೆ. ಅಲ್ಲದೆ ಮದ್ದೂರು ವಡೆಯ ಎಣ್ಣೆ ಕಾಗದದ ಪುಟಕ್ಕೆ ಹತ್ತಿದರೆ ಬಿಡುವಂತಹುದಲ್ಲ. ಗಾಜಿನ ಮೇಲಾದರೆ ಒರೆಸಿದರೆ ತೀರಿತು!

ಮಳವಳ್ಳಿಯ ಸಂಗತಿ ಬೇರೆ. ಅಲ್ಲಿಗೆ ರೈಲಿಲ್ಲ. ಹೊಸದಾಗಿ ಪ್ರಕಟವಾದ ಕನ್ನಡ ಕಾದಂಬರಿಯನ್ನು ಕೈಗೆತ್ತಿ ನೋಡಿ ಕೊಳ್ಳಬೇಕಾದರೆ ಬಸ್ಸು ಹಿಡಿದು ಮೈಸೂರಿಗೋ ಬೆಂಗಳೂರಿಗೋ ಹೋಗುವುದೇ ವಾಡಿಕೆ. ಅಂತಹ ಊರಿನಲ್ಲಿ ಕುಳಿತಲ್ಲಿಯೇ ಪುಸ್ತಕವನ್ನು ತರಿಸಿಕೊಂಡು, ಅರೆಗಳಿಗೆಯಲ್ಲಿ ಮೊದಲ ಅಧ್ಯಾಯವನ್ನು ತೆರೆಯುವುದು ಸಾಮಾನ್ಯ ಲಾಭವಲ್ಲ.

ಇವರೆಲ್ಲರಿಗಿಂತಲೂ ಹೆಚ್ಚಿನ ಪ್ರಯೋಜನ ಪಡೆಯಬಲ್ಲವರು ಮನೆಯ ಹಿರಿಯರು. ಯೌವನದಲ್ಲಿ ಧಾರಾವಾಹಿಗಳನ್ನು ವಾರವಾರವೂ ಕಾದು ಓದಿದ ತಾಯಂದಿರು ಎಪ್ಪತ್ತು ದಾಟಿದ ಮೇಲೆ ಪುಸ್ತಕವನ್ನು ಕೆಳಗಿಡುವುದು ಆಸಕ್ತಿ ತೀರಿದ್ದರಿಂದಲ್ಲ, ಅಚ್ಚಿನ ಅಕ್ಷರ ಚಿಕ್ಕದೆಂಬುದರಿಂದ. ಕನ್ನಡಕ ಬದಲಾಯಿಸಿದರೂ, ಕಣ್ಣಿನ ಪೊರೆ ತೆಗೆಸಿದರೂ, ಸಣ್ಣಚ್ಚಿನ ಒತ್ತಕ್ಷರಗಳು ಒಂದರೊಡನೊಂದು ಕಲಸಿಕೊಳ್ಳುತ್ತವೆ. ದೊಡ್ಡಚ್ಚಿನ ಕನ್ನಡ ಪುಸ್ತಕಗಳು ಮಕ್ಕಳಿಗಾಗಿ ಬರುವುದುಂಟು. ಹಿರಿಯರಿಗಾಗಿ ಬರುವುದು ಅಪರೂಪ. ಇ-ಪುಸ್ತಕದಲ್ಲಿ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದು. ಪುಟವು ತಾನಾಗಿಯೇ ಸಾಲುಗಳನ್ನು ಮರುಜೋಡಿಸಿಕೊಳ್ಳುತ್ತದೆ. ಹೊಸ ಹಲಗೆಯ ನಿಜವಾದ ಕೊಡುಗೆ ಯಾವುದೆಂದು ಕೇಳಿದರೆ ಇದನ್ನೇ ಮೊದಲು ಹೇಳಬೇಕು.

ಎರಡು ಬಗೆಯ ಹಲಗೆಗಳು

ಟ್ಯಾಬ್ಲೆಟ್ ಮತ್ತು ಇ-ರೀಡರ್ ನೋಡಲು ಅಣ್ಣತಮ್ಮಂದಿರಂತಿದ್ದರೂ ಅವುಗಳ ಸ್ವಭಾವ ಬೇರೆ ಬೇರೆ. ಟ್ಯಾಬ್ಲೆಟ್ಟಿನ ಗಾಜಿನ ಹಿಂದೆ ಬೆಳಕಿದೆ. ಆ ಬೆಳಕು ನೇರವಾಗಿ ಕಣ್ಣಿಗೆ ಬೀಳುತ್ತದೆ. ಬಣ್ಣದ ಚಿತ್ರ, ಚಲನಚಿತ್ರ, ಪಾಠ, ಆಟ, ಪತ್ರವ್ಯವಹಾರ ಎಲ್ಲವೂ ಅದರಲ್ಲಿ ನಡೆಯುತ್ತವೆ. ಆಪಲ್ ಸಂಸ್ಥೆಯ ಐಪ್ಯಾಡ್ 2010ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಜಾತಿಯ ಸಾಧನಗಳು ಮನೆಮಾತಾದುವು. ಭಾರತದಲ್ಲಿ 2011ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿಗಳಿಗೆಂದು ‘ಆಕಾಶ್’ ಎಂಬ ಅಗ್ಗದ ಟ್ಯಾಬ್ಲೆಟ್ಟನ್ನು ಕೇಂದ್ರ ಸರಕಾರವು ಹೊರತಂದಿತು.

ಇ-ರೀಡರ್ ಓದಿಗಾಗಿಯೇ ಮೀಸಲಾದುದು. ಅದರ ಪರದೆಗೆ ‘ಇ-ಇಂಕ್’ ಎಂದು ಹೆಸರು. ಅಮೆರಿಕದ ಎಂ.ಐ.ಟಿ. ಪ್ರಯೋಗಶಾಲೆಯಲ್ಲಿ ಮೊಳೆತ ಈ ವಿದ್ಯೆಯನ್ನು ಬೆಳೆಸಲು 1997ರಲ್ಲಿ ಅದೇ ಹೆಸರಿನ ಸಂಸ್ಥೆ ಸ್ಥಾಪಿತವಾಯಿತು. ಪರದೆಯ ಒಳಗೆ ಕೂದಲೆಳೆಯ ದಪ್ಪದ ಲಕ್ಷಾಂತರ ಸೂಕ್ಷ್ಮ ಗುಳಿಗೆಗಳಿವೆ. ಒಂದೊಂದು ಗುಳಿಗೆಯ ದ್ರವದಲ್ಲಿಯೂ ಪರಸ್ಪರ ವಿರುದ್ಧ ವಿದ್ಯುದಂಶವುಳ್ಳ ಬಿಳಿಯ ಮತ್ತು ಕರಿಯ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಕರಿಯ ಕಣಗಳು ಮೇಲೆ ಬಂದಲ್ಲಿ ಅಕ್ಷರ ಮೂಡುತ್ತದೆ. ಬಿಳಿಯವು ಬಂದಲ್ಲಿ ಕಾಗದ ಕಾಣುತ್ತದೆ. ಒಮ್ಮೆ ಮೂಡಿದ ಪುಟವು ನಿಲ್ಲಲು ಮತ್ತೆ ವಿದ್ಯುತ್ತು ಬೇಡ. ಪುಟ ತಿರುವುವಾಗ ಮಾತ್ರ ಬೇಕು. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುವುದರ ಗುಟ್ಟು ಇದೇ. ಬಿಸಿಲಿನಲ್ಲಿಯೂ ಇದನ್ನು ಕಾಗದದಂತೆಯೇ ಓದಬಹುದು. ಜಪಾನಿನಲ್ಲಿ ಸೋನಿ ಸಂಸ್ಥೆಯು 2004ರಲ್ಲಿಯೂ, ಅಮೆರಿಕದಲ್ಲಿ ಅಮೆಜಾನ್ ಸಂಸ್ಥೆಯು ‘ಕಿಂಡಲ್’ ಎಂಬ ಹೆಸರಿನಲ್ಲಿ 2007ರ ನವೆಂಬರ್‌ನಲ್ಲಿಯೂ ಇಂತಹ ಸಾಧನಗಳನ್ನು ಮಾರಾಟಕ್ಕೆ ತಂದುವು.

1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದ ಕೀರ್ತಿ ಮಳವಳ್ಳಿ ಸೀಮೆಗೆ ಸಲ್ಲುತ್ತದೆ. ಬಂಡೆ ಒಡೆಯಲು ಹೊರಟ ಆ ಶಕ್ತಿಯ ಒಂದು ತೃಣಾಂಶ ಇಂದು ಕಾದಂಬರಿಯ ಪುಟ ತಿರುವಲು ಸಾಕಾಗುತ್ತಿದೆ.

ಕನ್ನಡದ ಅಕ್ಷರ, ಯಂತ್ರದ ತೊಡಕು

ಇಂಗ್ಲಿಷಿನ ಓದುಗನಿಗೆ ಯಂತ್ರವನ್ನು ಕೊಂಡರೆ ಸಾಕು, ಪುಸ್ತಕ ಬಂದಂತೆಯೇ. ಕನ್ನಡಿಗನಿಗೆ ಅಷ್ಟು ಸುಲಭವಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರವನ್ನೇ ತೆಗೆದುಕೊಳ್ಳಿರಿ. ಕಣ್ಣಿಗೆ ಅದು ಒಂದು. ಯಂತ್ರದ ಲೆಕ್ಕದಲ್ಲಿ ಆರು: ಸಕಾರ, ಅರ್ಧಾಕ್ಷರ ಚಿಹ್ನೆ, ತಕಾರ, ಮತ್ತೊಂದು ಅರ್ಧಾಕ್ಷರ ಚಿಹ್ನೆ, ರಕಾರ, ಕೊನೆಗೆ ದೀರ್ಘ ಈಕಾರ. ಈ ಆರನ್ನೂ ಕ್ರಮವಾಗಿ ಹೆಣೆದು, ಒತ್ತನ್ನು ಕೆಳಗಿಳಿಸಿ, ಗುಣಿತವನ್ನು ಮೇಲೇರಿಸುವ ವಿದ್ಯೆಯನ್ನು ಯಂತ್ರಕ್ಕೆ ಯಾರಾದರೂ ಕಲಿಸಿರಬೇಕು. ಕಲಿಸದಿದ್ದರೆ ಒತ್ತುಗಳು ಚೆಲ್ಲಾಪಿಲ್ಲಿಯಾಗಿ ಪುಟವು ಓದಲಾರದಂತಾಗುತ್ತದೆ.

ಪ್ರಪಂಚದ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯಾಕ್ರಮವನ್ನು ಗೊತ್ತುಮಾಡಿದ ‘ಯೂನಿಕೋಡ್’ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ದೊರೆತಿದೆ. ಆದರೆ ಕನ್ನಡದ ಪ್ರಕಾಶಕರು ಬಹುಕಾಲ ಬೇರೆ ಹಾದಿಯಲ್ಲಿ ನಡೆದರು. ಅಚ್ಚುಕೂಟಗಳಲ್ಲಿ ಬಳಕೆಗೆ ಬಂದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ತುಂಡುತುಂಡು ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿದ್ದಿತು. ಕಾಗದದ ಮೇಲೆ ಇಳಿಸುವವರೆಗೆ ಅದು ಸೊಗಸಾದ ಕನ್ನಡವೇ. ಬೇರೊಂದು ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಮೊದಲಾದುವು ಕನ್ನಡವನ್ನು ಕಂಪ್ಯೂಟರಿಗೆ ತಂದ ಮಹೋಪಕಾರಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೂ ಹಳೆಯ ಕ್ರಮದಲ್ಲಿ ಜೋಡಿಸಿಟ್ಟ ಪುಸ್ತಕಗಳನ್ನು ಇ-ಪುಸ್ತಕವಾಗಿಸಬೇಕಾದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಮತ್ತೊಮ್ಮೆ ಕರಡು ತಿದ್ದಬೇಕು.

ಮಾರುಕಟ್ಟೆಯಲ್ಲಿಯೂ ಕನ್ನಡಕ್ಕೆ ಒಮ್ಮೆ ಹಿಂದಿನ ಸಾಲು ಸಿಕ್ಕಿತು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಸಂಸ್ಥೆಯು ಭಾರತೀಯ ಭಾಷೆಗಳ ಪುಸ್ತಕಗಳನ್ನು ಕಿಂಡಲ್‌ಗೆ ತಂದಾಗ ಆರಿಸಿಕೊಂಡವು ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಎಂಬ ಐದು ಭಾಷೆಗಳು. ಕನ್ನಡದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಆದಕಾರಣ ಕನ್ನಡಿಗರು ತಮ್ಮ ದಾರಿಯನ್ನು ತಾವೇ ಮಾಡಿಕೊಳ್ಳಬೇಕಾಯಿತು. ‘ಮೈಲ್ಯಾಂಗ್’, ‘ವಿವಿಡ್‌ಲಿಪಿ’ ಮೊದಲಾದ ಸಂಸ್ಥೆಗಳು ಕನ್ನಡದ ಇ-ಪುಸ್ತಕಗಳನ್ನು ಮಾರಲು ಮುಂದೆ ಬಂದುವು. ಗೂಗಲ್ ಸಂಸ್ಥೆಯ ಪುಸ್ತಕದಂಗಡಿಯಲ್ಲಿಯೂ ಕನ್ನಡ ದೊರೆಯತೊಡಗಿತು. ಹೀಗಾಗಿ ಕನ್ನಡದ ಇ-ಓದು ಇ-ರೀಡರಿಗಿಂತ ಹೆಚ್ಚಾಗಿ ಟ್ಯಾಬ್ಲೆಟ್ ಮತ್ತು ಮೊಬೈಲ್ ಫೋನುಗಳ ಮೇಲೆ ಬೆಳೆದಿತು.

ಚಿತ್ರವೋ ಅಕ್ಷರವೋ

ಹಳೆಯ ಕನ್ನಡ ಪುಸ್ತಕಗಳು ಉಚಿತವಾಗಿ ದೊರೆಯುವ ತಾಣಗಳಿಗೆ ಈಗ ಕೊರತೆಯಿಲ್ಲ. 2009ರಲ್ಲಿ ‘ಕಣಜ’ ಎಂಬ ಜ್ಞಾನಕೋಶ ಆರಂಭವಾಯಿತು. 2016ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ ‘ಭಾರತವಾಣಿ’ ಬಂದಿತು. ಇಂಟರ್ನೆಟ್ ಆರ್ಕೈವ್ ಎಂಬ ಜಾಗತಿಕ ಭಂಡಾರದಲ್ಲಿ ಸ್ವಯಂಸೇವಕರು ಸಾವಿರಾರು ಕನ್ನಡ ಪುಸ್ತಕಗಳನ್ನು ಏರಿಸಿದ್ದಾರೆ. ಇವರ ಪರಿಶ್ರಮವಿಲ್ಲದಿದ್ದರೆ ಎಷ್ಟೋ ಕೃತಿಗಳು ಗೆದ್ದಲಿನ ಪಾಲಾಗುತ್ತಿದ್ದುವು.

ಆದರೆ ಇವುಗಳಲ್ಲಿ ಬಹುಪಾಲು ಪುಟಗಳ ಭಾವಚಿತ್ರಗಳು. ಚಿತ್ರದ ಪುಟವನ್ನು ಆರು ಅಂಗುಲದ ಪರದೆಗೆ ಇಳಿಸಿದರೆ ಅಕ್ಷರ ಸಾಸಿವೆಯಾಗುತ್ತದೆ. ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯ ಹೊರಗೆ ಓಡುತ್ತದೆ. ಪ್ರತಿ ಸಾಲಿಗೂ ಪುಟವನ್ನು ಬಲಕ್ಕೂ ಎಡಕ್ಕೂ ಎಳೆಯುತ್ತ ಓದುವ ತಾಳ್ಮೆ ಸಂಶೋಧಕನಿಗೆ ಇರಬಹುದು. ಮಧ್ಯಾಹ್ನದ ವಿಶ್ರಾಂತಿಯಲ್ಲಿ ಕಾದಂಬರಿ ಹಿಡಿದ ಅಜ್ಜಿಗೆ ಇರಲಾರದು. ಹಿರಿಯರ ಕಣ್ಣಿಗೆ ಒದಗಬೇಕಾಗಿದ್ದ ಉಪಕಾರ ಹೀಗೆ ಅವರಿಂದಲೇ ತಪ್ಪಿಹೋಗುತ್ತದೆ.

ಚಿತ್ರದಿಂದ ಅಕ್ಷರವನ್ನು ಬಿಡಿಸಿ ತೆಗೆಯುವ ಯಂತ್ರವಿದ್ಯೆಯೂ ಉಂಟು. ಕನ್ನಡದಲ್ಲಿಯೂ ಅದು ಈಚೆಗೆ ಚೆನ್ನಾಗಿ ಸುಧಾರಿಸಿದೆ. ಆದರೂ ಮಸಿ ಹರಡಿದ ಹಳೆಯ ಅಚ್ಚಿನಲ್ಲಿ ‘ಮ’ಕಾರಕ್ಕೂ ‘ವು’ ಎಂಬುದಕ್ಕೂ, ‘ಪ’ಕಾರಕ್ಕೂ ‘ವ’ಕಾರಕ್ಕೂ ಇರುವ ಭೇದವನ್ನು ಯಂತ್ರವು ತಪ್ಪಾಗಿ ತಿಳಿಯುವುದುಂಟು. ಕನ್ನಡ ಬಲ್ಲ ಮನುಷ್ಯನೊಬ್ಬನು ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲನ್ನೂ ತಿದ್ದಲೇಬೇಕು. ಅಚ್ಚುಕೂಟದ ಕರಡು ತಿದ್ದುವವನ ಕೆಲಸ ಯಂತ್ರಯುಗದಲ್ಲಿಯೂ ಮುಗಿದಿಲ್ಲ.

ನಿಜವಾದ ಅಕ್ಷರದಲ್ಲಿರುವ ಪುಸ್ತಕಕ್ಕೆ ಇನ್ನೊಂದು ಗುಣವಿದೆ. ಯಂತ್ರವು ಅದನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು. ಅಂಧರಿಗೂ ಅಚ್ಚನ್ನು ಓದಲಾಗದ ಇತರರಿಗೂ ಪುಸ್ತಕಗಳು ದೊರೆಯಬೇಕೆಂಬ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ರಾಷ್ಟ್ರಗಳಿಗಿಂತ ಮೊದಲು ಸ್ಥಿರೀಕರಿಸಿದುದು ಭಾರತವೇ. ಕಿವಿಯಿಂದ ಓದುವುದು ಈ ಸೀಮೆಗೆ ಹೊಸದೂ ಅಲ್ಲ. ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರದ ಮಠಕ್ಕೆ ನಡೆದುಕೊಳ್ಳುವ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಯಂತ್ರದ ಕಂಠಕ್ಕೆ ಆ ರಾಗಭಾವಗಳಿಲ್ಲವೆಂಬುದು ನಿಜ. ಆದರೆ ಪುಟದ ಚಿತ್ರವನ್ನು ಮಾತ್ರ ಇಟ್ಟುಕೊಂಡ ಯಂತ್ರದ ಓದುಗಂಠಕ್ಕೆ ನುಡಿಯೂ ಇಲ್ಲ.

ಮಂಡ್ಯದ ಲೇಖಕರು ಎಲ್ಲಿದ್ದಾರೆ?

ಯಾವ ಪುಸ್ತಕವನ್ನು ಯಾರು ಬೇಕಾದರೂ ಇ-ಪುಸ್ತಕವಾಗಿಸಬಹುದು ಎಂಬುದನ್ನು ಹಕ್ಕುಸ್ವಾಮ್ಯದ ಕಾನೂನು ನಿರ್ಧರಿಸುತ್ತದೆ. 1957ರ ಕಾಯಿದೆಯು ಲೇಖಕರ ಮರಣಾನಂತರ ಐವತ್ತು ವರ್ಷಗಳ ಹಕ್ಕನ್ನು ಕೊಟ್ಟಿದ್ದಿತು. 1992ರ ತಿದ್ದುಪಡಿಯು ಅದನ್ನು ಅರವತ್ತಕ್ಕೆ ಏರಿಸಿತು. ಮರಣದ ಮುಂದಿನ ವರ್ಷಾರಂಭದಿಂದ ಈ ಲೆಕ್ಕ ಹಿಡಿಯಬೇಕು. ಮರಣಾನಂತರ ಮೊದಲ ಬಾರಿ ಪ್ರಕಟವಾದ ಕೃತಿಗಳಿಗೆ ಪ್ರಕಟಣೆಯ ಕಾಲದಿಂದ ಅರವತ್ತು ವರ್ಷ.

ಈ ಲೆಕ್ಕವನ್ನು ಮಂಡ್ಯದ ಸಾಹಿತ್ಯಕ್ಕೆ ಅನ್ವಯಿಸಿ ನೋಡಿದರೆ ಕುತೂಹಲಕರವಾದ ಚಿತ್ರ ಕಾಣುತ್ತದೆ. ಬೆಳ್ಳೂರು ಮೂಲದ ಬಿ. ಎಂ. ಶ್ರೀಕಂಠಯ್ಯನವರು 1946ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2007ರಿಂದ ಸರ್ವರ ಸ್ವತ್ತು. ಕಿಕ್ಕೇರಿಯಲ್ಲಿ ಜನಿಸಿದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಷ್ಟು ಹಳೆಯದಾದರೂ, ಕವಿಗಳು 2003ರವರೆಗೆ ನಮ್ಮೊಡನಿದ್ದುದರಿಂದ ಅದರ ಹಕ್ಕು 2063ರ ಕೊನೆಯವರೆಗೂ ಉಳಿಯುತ್ತದೆ. ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರು 1998ರಲ್ಲಿ ನಿಧನರಾದರು. ಅವರ ಕೃತಿಗಳ ಹಕ್ಕು 2058ರ ಕೊನೆಯವರೆಗೆ.

ಇವರ ನಡುವೆ ನಿಲ್ಲುವ ಹೆಸರು ತ್ರಿವೇಣಿಯವರದು. 1928ರಲ್ಲಿ ಮಂಡ್ಯದಲ್ಲಿ ಜನಿಸಿ, ಮನಃಶಾಸ್ತ್ರವನ್ನು ಅಭ್ಯಾಸ ಮಾಡಿ, ಹೆಣ್ಣಿನ ಮನಸ್ಸಿನ ಒಳಗುದಿಯನ್ನು ಕಾದಂಬರಿಗಳಲ್ಲಿ ಚಿತ್ರಿಸಿದ ಈ ಲೇಖಕಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ‘ಬೆಳ್ಳಿಮೋಡ’, ‘ಶರಪಂಜರ’ಗಳನ್ನು ಪುಟ್ಟಣ್ಣ ಕಣಗಾಲರು ಕ್ರಮವಾಗಿ 1967 ಮತ್ತು 1971ರಲ್ಲಿ ಚಲನಚಿತ್ರಗಳಾಗಿ ತಂದಾಗ ಅವನ್ನು ನೋಡಲು ಲೇಖಕಿಯೇ ಇರಲಿಲ್ಲ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಹಕ್ಕುಸ್ವಾಮ್ಯದ ಬಂಧನದಿಂದ ಬಿಡುಗಡೆ ಹೊಂದಿವೆ. ಅವನ್ನು ಯಾರು ಬೇಕಾದರೂ ಯೂನಿಕೋಡ್ ಅಕ್ಷರದಲ್ಲಿ ಬೆರಳಚ್ಚು ಮಾಡಿ, ಕರಡು ತಿದ್ದಿ, ಹಿಗ್ಗಿಸಬಲ್ಲ ಇ-ಪುಸ್ತಕವಾಗಿ ಹಂಚಬಹುದು. ಅನುಮತಿ ಬೇಕಿಲ್ಲ, ಶ್ರದ್ಧೆ ಬೇಕು.

ಎರವಲಿನ ಪ್ರಶ್ನೆ

ಹೊಸ ಹಲಗೆಗೆ ಒಂದು ದೊಡ್ಡ ಕೊರತೆಯೂ ಉಂಟು. ವಾರಪತ್ರಿಕೆಯೊಂದು ಮನೆಗೆ ಬಂದರೆ ಅದನ್ನು ಓದುವವರು ಒಂದೇ ಮನೆಯವರಾಗಿರಲಿಲ್ಲ. ಎದುರು ಮನೆಗೆ, ಹಿತ್ತಿಲ ಮನೆಗೆ, ತವರಿಗೆ ಅದು ಪ್ರಯಾಣ ಮಾಡುತ್ತಿದ್ದಿತು. ಧಾರಾವಾಹಿಯ ಪುಟಗಳನ್ನು ಜೋಪಾನವಾಗಿ ಕತ್ತರಿಸಿ, ಕೊನೆಯ ಕಂತು ಬಂದ ಮೇಲೆ ಬೈಂಡು ಹಾಕಿಸಿ, ಮದುವೆಯಾದ ಮಗಳೊಡನೆ ಕಳುಹಿಸಿಕೊಟ್ಟ ತಾಯಂದಿರು ಎಷ್ಟಿಲ್ಲ? ಹಣ ಕೊಟ್ಟು ಪಡೆದ ಇ-ಪುಸ್ತಕವು ಸಾಮಾನ್ಯವಾಗಿ ಹಾಗೆ ಕೈ ಬದಲಾಯಿಸಲಾರದು. ಕೊಂಡವರಿಗೆ ದೊರೆಯುವುದು ಓದುವ ಅನುಮತಿಯೇ ಹೊರತು ಪುಸ್ತಕದ ಒಡೆತನವಲ್ಲ.

ಇದರ ಅರ್ಥವೇನೆಂಬುದು 2009ರ ಜುಲೈನಲ್ಲಿ ಪ್ರಪಂಚಕ್ಕೆ ತಿಳಿಯಿತು. ಮಾರಿದವರಿಗೆ ಪ್ರಕಟಣೆಯ ಹಕ್ಕಿರಲಿಲ್ಲವೆಂಬ ಕಾರಣಕ್ಕೆ ಜಾರ್ಜ್ ಆರ್ವೆಲ್ಲನ ಎರಡು ಕಾದಂಬರಿಗಳ ಪ್ರತಿಗಳನ್ನು ಅಮೆಜಾನ್ ಸಂಸ್ಥೆಯು ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಹಿಂದಿರುಗಿತು, ಸಂಸ್ಥೆಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ಮನೆಯ ಕಪಾಟಿನಿಂದ ಪುಸ್ತಕವನ್ನು ರಾತ್ರೋರಾತ್ರಿ ಒಯ್ಯಲು ಕಾಗದದ ಕಾಲದಲ್ಲಿ ಯಾವ ಅಂಗಡಿಯವನಿಗೂ ಸಾಧ್ಯವಿರಲಿಲ್ಲವೆಂಬುದನ್ನು ಓದುಗರು ಮರೆಯಲಿಲ್ಲ. ತೆರಿಗೆಯಲ್ಲಿಯೂ ಭೇದವಿದ್ದಿತು. ಅಚ್ಚಾದ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲದಿದ್ದಾಗ, ಇ-ಪುಸ್ತಕಕ್ಕೆ ಶೇಕಡಾ 18 ವಿಧಿಸಲಾಗಿದ್ದಿತು. 2018ರ ಜುಲೈನಲ್ಲಿ, ಅಚ್ಚಿನ ಪ್ರತಿಯೂ ಇರುವ ಇ-ಪುಸ್ತಕಗಳಿಗೆ ಅದನ್ನು ಶೇಕಡಾ 5ಕ್ಕೆ ಇಳಿಸಲಾಯಿತು.

ಎರವಲಿನ ಕೊರತೆಯನ್ನು ತುಂಬಬಲ್ಲುದು ಗ್ರಂಥಾಲಯವೇ. 1965ರ ಗ್ರಂಥಾಲಯ ಕಾಯಿದೆಯ ಆಶ್ರಯದಲ್ಲಿ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಜಾಲ ಬೆಳೆಯಿತು. ಅದರ ವೆಚ್ಚಕ್ಕೆ ಮನೆತೆರಿಗೆಯೊಡನೆ ನಾಗರಿಕರು ಕರವನ್ನೂ ಕೊಡುತ್ತ ಬಂದಿದ್ದಾರೆ. 2020ರಲ್ಲಿ ಗ್ರಂಥಾಲಯ ಇಲಾಖೆಯು ಉಚಿತ ಡಿಜಿಟಲ್ ಗ್ರಂಥಾಲಯವನ್ನು ತೆರೆಯಿತು. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳೆಂಬ ಹೊಸ ಹೆಸರು ಪಡೆದು, ಹಲವೆಡೆ ಕಂಪ್ಯೂಟರುಗಳನ್ನೂ ಹೊಂದಿವೆ. ತಾವು ಕರ ತೆತ್ತ ಗ್ರಂಥಾಲಯದಲ್ಲಿ ಹಿಗ್ಗಿಸಬಲ್ಲ ಕನ್ನಡ ಕಾದಂಬರಿಗಳೆಷ್ಟಿವೆ ಎಂದು ಓದುಗರು ಹೋಗಿ ಕೇಳಬೇಕು. ಕೇಳದ ಪುಸ್ತಕವನ್ನು ಯಾವ ಗ್ರಂಥಾಲಯವೂ ತರಿಸುವುದಿಲ್ಲ.

ಕೊಳ್ಳುವ ಮುನ್ನ

ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ತಂದೆತಾಯಿಗೆ ಇಂತಹ ಸಾಧನವನ್ನು ತಂದುಕೊಡಬೇಕೆಂದಿರುವ ಮಕ್ಕಳು ಒಂದೆರಡು ಸಂಗತಿಗಳನ್ನು ನೆನಪಿನಲ್ಲಿಡುವುದು ಲೇಸು. ಅಂಗಡಿಯಲ್ಲಿ ಇಂಗ್ಲಿಷ್ ಪುಟವನ್ನು ತೋರಿಸಿದರೆ ತೃಪ್ತರಾಗಬಾರದು. ಕನ್ನಡದ ಇ-ಪುಸ್ತಕವೊಂದನ್ನು ತೆರೆಸಿ, ಒತ್ತಕ್ಷರಗಳು ಸರಿಯಾಗಿ ಕೂಡಿವೆಯೇ ಎಂದು ನೋಡಬೇಕು. ಅಕ್ಷರವನ್ನು ಅತ್ಯಂತ ದೊಡ್ಡದು ಮಾಡಿದಾಗ ಸಾಲುಗಳು ತಾವಾಗಿ ಮರುಜೋಡಣೆಗೊಳ್ಳುತ್ತವೆಯೇ ಎಂದು ಪರೀಕ್ಷಿಸಬೇಕು. ಕನ್ನಡದ ಪುಸ್ತಕದಂಗಡಿಗಳ ತಂತ್ರಾಂಶಗಳು ಅದರಲ್ಲಿ ನಡೆಯುತ್ತವೆಯೇ ಎಂದು ವಿಚಾರಿಸಬೇಕು. ಆಂಡ್ರಾಯ್ಡ್ ವ್ಯವಸ್ಥೆಯ ಮೇಲೆ ನಡೆಯುವ ಇ-ರೀಡರುಗಳೂ ಉಂಟು. ಕನ್ನಡ ಪುಸ್ತಕಗಳೇ ಮುಖ್ಯವಾದವರಿಗೆ ಅವು ಅಥವಾ ಸಾಧಾರಣ ಟ್ಯಾಬ್ಲೆಟ್ ಹೆಚ್ಚು ಒದಗುತ್ತವೆ. ಟ್ಯಾಬ್ಲೆಟ್ಟಾದರೆ ರಾತ್ರಿ ಬೆಳಕನ್ನು ತಗ್ಗಿಸಿಡುವುದನ್ನು ಕಲಿಸಿಕೊಡಬೇಕು. ಸಾಧನವನ್ನು ಕೈಗಿತ್ತು ಹೊರಟುಹೋಗದೆ, ಮೊದಲ ಕಾದಂಬರಿ ಮುಗಿಯುವವರೆಗೆ ಪಕ್ಕದಲ್ಲಿ ಕುಳಿತು ಪುಟ ತಿರುವುವುದನ್ನು ತೋರಿಸಿಕೊಟ್ಟರೆ ಎರಡನೆಯ ಕಾದಂಬರಿಯನ್ನು ಅವರೇ ಹುಡುಕಿಕೊಳ್ಳುತ್ತಾರೆ.

ಉಳಿದುದು ಊರಿನವರ ಕೆಲಸ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜುಗಳಲ್ಲಿ ಕನ್ನಡ ಓದುವ ವಿದ್ಯಾರ್ಥಿಗಳಿದ್ದಾರೆ, ಬೆರಳಚ್ಚು ಬಲ್ಲವರಿದ್ದಾರೆ, ನಿವೃತ್ತ ಉಪಾಧ್ಯಾಯರಿದ್ದಾರೆ, ಅವರ ಕಣ್ಣಿಗೆ ಒಂದು ಕಾಗುಣಿತದ ತಪ್ಪೂ ತಪ್ಪಿಸಿಕೊಳ್ಳಲಾರದು. ದಿನಕ್ಕೆ ಒಬ್ಬರು ನಾಲ್ಕು ಪುಟ ಕರಡು ತಿದ್ದಿದರೆ ಇನ್ನೂರು ಪುಟದ ಕಾದಂಬರಿ ಐವತ್ತು ದಿನಗಳಲ್ಲಿ ಸಿದ್ಧವಾಗುತ್ತದೆ. ಐವರು ಸೇರಿದರೆ ಹತ್ತೇ ದಿನಗಳಲ್ಲಿ. ತ್ರಿವೇಣಿಯವರಿಂದ ಆರಂಭಿಸಲು ಅಡ್ಡಿಯೇನೂ ಇಲ್ಲ.